ಗಡ್ಡೆಯಂತೆ ಕಾಣುವ ಮಯಲಿನ್ ಗಾಯಗಳು

ಮೆದುಳಿನ ಎಂಆರ್‌ಐ ಚಿತ್ರದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಅಗಲದ ಒಂದು ಗಾಯ ಕಾಣಿಸುತ್ತದೆ ಎಂದುಕೊಳ್ಳಿ. ಸುತ್ತ ಊತವಿದೆ, ಕಾಂಟ್ರಾಸ್ಟ್ ಕೊಟ್ಟ ಮೇಲೆ ಅದರ ಅಂಚು ಬೆಳ್ಳಗೆ ಹೊಳೆಯುತ್ತಿದೆ, ಪಕ್ಕದ ದ್ರವಕುಹರ ಕೊಂಚ ಅದುಮಿಕೊಂಡಿದೆ. ಇಂಥ ಚಿತ್ರ ನೋಡಿದವರಿಗೆ ಮೊದಲು ಹೊಳೆಯುವುದು ಗಡ್ಡೆ, ಅದರಲ್ಲೂ ವೇಗವಾಗಿ ಬೆಳೆಯುವ ಗಡ್ಡೆ. ಬಹುಪಾಲು ರೋಗಿಗಳಲ್ಲಿ ಆ ಊಹೆ ಸರಿಯೇ ಆಗಿರುತ್ತದೆ. ನಾನು ಹೇಳಹೊರಟಿರುವುದು ಆ ಊಹೆ ತಪ್ಪಾಗುವ ಒಂದು ಸಣ್ಣ ಗುಂಪಿನ ಬಗ್ಗೆ. ಈ ರೋಗಿಗಳ ಮೆದುಳಿನಲ್ಲಿ ಗಡ್ಡೆ ಬೆಳೆಯುತ್ತಿರುವುದಿಲ್ಲ. ಅವರದೇ ರೋಗನಿರೋಧಕ ವ್ಯವಸ್ಥೆ ನರತಂತುಗಳ ಹೊದಿಕೆಯಾದ ಮಯಲಿನನ್ನು ಒಂದೇ ಜಾಗದಲ್ಲಿ, ದೊಡ್ಡ ಪ್ರಮಾಣದಲ್ಲಿ ಕೆಡವುತ್ತಿರುತ್ತದೆ. ವೈದ್ಯರು ಇದನ್ನು ಟ್ಯೂಮಫ್ಯಾಕ್ಟಿವ್ ಡಿಮಯಲಿನೇಷನ್ ಎನ್ನುತ್ತಾರೆ. ಅಪರೂಪದ ಸ್ಥಿತಿಯಾದರೂ ಇದರ ಬಗ್ಗೆ ಇಷ್ಟು ಹೊತ್ತು ಮಾತನಾಡುವುದಕ್ಕೆ ಕಾರಣವಿದೆ. ಗಡ್ಡೆ ಎಂದು ತೀರ್ಮಾನಿಸಿದರೆ ರೋಗಿ ಸಾಗುವ ದಾರಿ ದೊಡ್ಡ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಕೀಮೋಥೆರಪಿಯದು. ಮಯಲಿನ್ ಗಾಯ ಎಂದು ತಿಳಿದರೆ ಅದೇ ರೋಗಿಗೆ ಕೆಲವು ದಿನಗಳ ಸ್ಟೀರಾಯ್ಡ್ ಚುಚ್ಚುಮದ್ದು ಸಾಕಾಗಬಹುದು.

ಎಂಆರ್‌ಐ ಏನನ್ನು ತೋರಿಸುತ್ತದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಕಾಣುವ ಜಾಗದಲ್ಲಿ ನೀರಿನ ಅಂಶ ಹೆಚ್ಚಾಗಿದೆ ಎಂದಷ್ಟೇ ಅರ್ಥ. ಗಡ್ಡೆಯಿಂದಲೂ ನೀರು ತುಂಬುತ್ತದೆ, ಸೋಂಕಿನಿಂದಲೂ, ರಕ್ತಪೂರೈಕೆ ನಿಂತದ್ದರಿಂದಲೂ, ಉರಿಯೂತದಿಂದಲೂ ತುಂಬುತ್ತದೆ. ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಕೊಟ್ಟಾಗ ಹೊಳೆಯುವ ಭಾಗವೂ ಹಾಗೆಯೇ. ಆರೋಗ್ಯವಂತ ಮೆದುಳಿನಲ್ಲಿ ರಕ್ತನಾಳ ಮತ್ತು ನರ ಅಂಗಾಂಶದ ನಡುವೆ ಬಿಗಿಯಾದ ತಡೆಯೊಂದಿದ್ದು, ಈ ಔಷಧ ಅದನ್ನು ದಾಟಲಾರದು. ತಡೆ ಒಡೆದ ಕಡೆ ಅದು ಸೋರಿ ಹೊಳೆಯುತ್ತದೆ. ಅಂದರೆ ಹೊಳಪು ಹೇಳುವುದು ಸೋರಿಕೆಯ ಜಾಗವನ್ನು, ಸೋರಿಕೆಯ ಕಾರಣವನ್ನಲ್ಲ. ವರದಿಯಲ್ಲಿರುವ ‘ಗ್ಲಿಯೋಮಾ ಇರಬಹುದು’ (ಗ್ಲಿಯೋಮಾ ಎಂದರೆ ಮೆದುಳಿನ ಪೋಷಕ ಕೋಶಗಳಿಂದ ಹುಟ್ಟುವ ಗಡ್ಡೆ) ಎಂಬ ಸಾಲು ಹಲವು ಸುಳಿವುಗಳನ್ನು ಕೂಡಿಸಿ ಮಾಡಿದ ಅನುಮಾನ. ಅನುಮಾನವನ್ನು ಅನುಮಾನವಾಗಿಯೇ ಇಟ್ಟುಕೊಂಡು ಮುಂದಿನ ಪರೀಕ್ಷೆಗಳನ್ನು ಸರಿಯಾದ ಕ್ರಮದಲ್ಲಿ ಮಾಡುವುದರಲ್ಲೇ ಈ ರೋಗಿಯ ಹಿತವಿದೆ ಎಂಬುದು ನನ್ನ ಇಡೀ ಮಾತಿನ ತಿರುಳು.

ಮಯಲಿನ್ ಎಂಬುದು ನರತಂತುವಿನ ಸುತ್ತ ಪದರ ಪದರವಾಗಿ ಸುತ್ತಿಕೊಂಡಿರುವ, ಕೊಬ್ಬು ಮತ್ತು ಪ್ರೋಟೀನಿನಿಂದಾದ ಹೊದಿಕೆ. ಮೆದುಳಿನಲ್ಲಿ ಇದನ್ನು ತಯಾರಿಸುವ ಕೋಶದ ಹೆಸರು ಆಲಿಗೋಡೆಂಡ್ರೊಸೈಟ್. ಇಂಥ ಒಂದೇ ಕೋಶ ಹತ್ತಾರು ತಂತುಗಳ ತುಣುಕುಗಳಿಗೆ ಹೊದಿಕೆ ಒದಗಿಸಬಲ್ಲದು. ಹೊದಿಕೆ ಹೋದರೆ ತಂತು ಉಳಿದಿದ್ದರೂ ಸಂಕೇತ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ರೋಗನಿರೋಧಕ ವ್ಯವಸ್ಥೆಯೇ ಮಯಲಿನನ್ನು ಕೆಡವುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ಆಗುವುದು ಇದೇ. ಆದರೆ ಅಲ್ಲಿ ಗಾಯಗಳು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್‌ಗಳಷ್ಟು ಚಿಕ್ಕವು, ಮೊಟ್ಟೆಯಾಕಾರದವು, ದ್ರವಕುಹರಗಳ ಸುತ್ತ ಹರಡಿದವು; ಅವನ್ನು ಯಾರೂ ಗಡ್ಡೆ ಎಂದು ತಿಳಿಯುವುದಿಲ್ಲ. ಅಪರೂಪಕ್ಕೊಮ್ಮೆ ಅದೇ ಪ್ರಕ್ರಿಯೆ 2 ಸೆಂಟಿಮೀಟರ್‌ಗಿಂತ ದೊಡ್ಡ ಒಂದೇ ಗಾಯವಾಗಿ, ಊತ ಮತ್ತು ಒತ್ತಡದೊಂದಿಗೆ ಕಾಣಿಸಿಕೊಂಡಾಗ ಗೊಂದಲ ಶುರುವಾಗುತ್ತದೆ. ಅದು ಆ ವ್ಯಕ್ತಿಯ ಮೊದಲ ಕಾಯಿಲೆಯೇ ಆಗಿದ್ದರೆ, ಹಿಂದಿನ ಇತಿಹಾಸದ ನೆರವೂ ಸಿಗುವುದಿಲ್ಲ.

ಇಂಥ ದೊಡ್ಡ ಗಾಯಗಳು ವೈದ್ಯಶಾಸ್ತ್ರಕ್ಕೆ ಹೊಸವೇನಲ್ಲ. ಮಾರ್ಬರ್ಗ್ 1906ರಲ್ಲಿ ಮತ್ತು ಶಿಲ್ಡರ್ 1912ರಲ್ಲಿ ಉಗ್ರ ಸ್ವರೂಪದ ಮಯಲಿನ್ ನಾಶವನ್ನು ವಿವರಿಸಿದ್ದರು. ಹಂಗೇರಿಯ ಬಾಲೋ 1928ರಲ್ಲಿ ಬರೆದ ಪ್ರಕರಣದಲ್ಲಿ, ಕೊಯ್ದ ಮರದ ಕಾಂಡದ ಉಂಗುರಗಳಂತೆ ಮಯಲಿನ್ ಉಳಿದ ಪಟ್ಟಿ ಮತ್ತು ಹೋದ ಪಟ್ಟಿ ಒಂದರ ಪಕ್ಕ ಒಂದಾಗಿ ಜೋಡಿಸಿಕೊಂಡಿದ್ದವು. ಆಗ ಇವೆಲ್ಲ ಮರಣೋತ್ತರ ಪರೀಕ್ಷೆಯಲ್ಲಿ ಕಂಡ ಸಂಗತಿಗಳು. ಬದುಕಿರುವ ರೋಗಿಯ ಗಾಯ ಗಡ್ಡೆಯೋ ಅಲ್ಲವೋ ಎಂಬ ಪ್ರಶ್ನೆ ತೀವ್ರವಾದದ್ದು ಸ್ಕ್ಯಾನ್‌ಗಳು ಬಂದ ಮೇಲೆ. 1993ರಲ್ಲಿ ಕೆಪೆಸ್ ಎಂಬ ಪೆಥಾಲಜಿಸ್ಟ್ (ಅಂಗಾಂಶ ಪರೀಕ್ಷಿಸುವ ತಜ್ಞ) ಗಡ್ಡೆಯಂತೆ ಕಂಡ 31 ಪ್ರಕರಣಗಳನ್ನು ಒಟ್ಟುಗೂಡಿಸಿ ಬರೆದರು. 2008ರಲ್ಲಿ ಲುಕಿನೆಟ್ಟಿ ಮತ್ತು ಸಂಗಡಿಗರು ಬಯಾಪ್ಸಿಯಿಂದ, ಅಂದರೆ ಗಾಯದ ತುಣುಕು ತೆಗೆದು ಪರೀಕ್ಷಿಸಿ, ಖಚಿತವಾದ 168 ರೋಗಿಗಳ ವಿವರ ಪ್ರಕಟಿಸಿದರು. ಇಂದಿಗೂ ಈ ವಿಷಯದಲ್ಲಿ ಹೆಚ್ಚಾಗಿ ಆಧಾರಕ್ಕೆ ತೆಗೆದುಕೊಳ್ಳುವುದು ಆ ಅಧ್ಯಯನವನ್ನೇ. ಅಲ್ಲಿನ ರೋಗಿಗಳಲ್ಲಿ ಕಾಯಿಲೆ ಶುರುವಾದಾಗಿನ ಮಧ್ಯಮ ವಯಸ್ಸು 37 ಇತ್ತು.

ರೋಗಿ ಏನೆಂದು ದೂರುತ್ತಾರೆ? ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಪರಿಚಿತ ಲಕ್ಷಣಗಳು. ದೊಡ್ಡ ಗಾಯವಾದಾಗ ತಲೆನೋವು, ಮಾತು ತಡವರಿಸುವುದು, ದೇಹದ ಒಂದು ಪಾರ್ಶ್ವ ಬಲ ಕಳೆದುಕೊಳ್ಳುವುದು, ಗೊಂದಲ, ಕೆಲವೊಮ್ಮೆ ಫಿಟ್ಸ್ ಕಾಣಿಸಿಕೊಳ್ಳುತ್ತವೆ. ಇವು ಗಡ್ಡೆಯ ಲಕ್ಷಣಗಳೂ ಹೌದು. ಹಾಗಾಗಿ ಲಕ್ಷಣಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ವೇಗದ ಬಗ್ಗೆ ಮಾತ್ರ ವಿಚಾರಿಸಲೇಬೇಕು. ಎರಡು ಮೂರು ವಾರಗಳಲ್ಲಿ ಏರಿ ಬಂದ ತೊಂದರೆಯೋ, ಹಲವು ತಿಂಗಳುಗಳಿಂದ ನಿಧಾನವಾಗಿ ಬೆಳೆದದ್ದೋ? ಹಿಂದೆಂದಾದರೂ ಒಂದು ಕಣ್ಣಿನ ದೃಷ್ಟಿ ಕೆಲವು ವಾರ ಮಸುಕಾಗಿ ತಾನಾಗಿಯೇ ಸರಿಹೋಗಿತ್ತೇ? ತಲೆಯೊಳಗಿನ ಗಾಯದ ಗಾಬರಿಯಲ್ಲಿ ಇಂಥ ಹಳೆಯ ಸಂಗತಿಯನ್ನು ರೋಗಿ ತಾನಾಗಿ ಹೇಳುವುದಿಲ್ಲ, ನಾವು ಕೇಳಬೇಕು.

ಈಗ ಚಿತ್ರಕ್ಕೆ ಮರಳೋಣ. ಇಲ್ಲಿ ಕೊಂಚ ನಿಧಾನಿಸುತ್ತೇನೆ, ಏಕೆಂದರೆ ತಾಳ್ಮೆಯಿಂದ ನೋಡುವವರಿಗೆ ಚಿತ್ರದಲ್ಲಿ ಸಾಕಷ್ಟು ಸುಳಿವುಗಳು ಸಿಗುತ್ತವೆ. ಮೊದಲನೆಯದು ಹೊಳೆಯುವ ಉಂಗುರದ ಆಕಾರ. ಗ್ಲಿಯೋಮಾಗಳಲ್ಲೇ ಅತ್ಯಂತ ಉಗ್ರವಾದ ಗ್ಲಿಯೋಬ್ಲಾಸ್ಟೋಮಾದಲ್ಲಿ ಉಂಗುರ ಸಾಮಾನ್ಯವಾಗಿ ಪೂರ್ಣವಾಗಿರುತ್ತದೆ, ದಪ್ಪವಾಗಿ, ಒಳಗಡೆ ಅಂಕುಡೊಂಕಾಗಿರುತ್ತದೆ. ಒಳಗೆ ಸತ್ತ ಅಂಗಾಂಶ, ಸುತ್ತ ಬೆಳೆಯುತ್ತಿರುವ ಗಡ್ಡೆ. ಮಯಲಿನ್ ಗಾಯದಲ್ಲಿ ಉಂಗುರ ಹಲವು ಬಾರಿ ಅರ್ಧಚಂದ್ರದಂತೆ ಒಂದು ಕಡೆ ತೆರೆದುಕೊಂಡಿರುತ್ತದೆ. ತೆರೆದ ಬದಿ ಯಾವುದು ಎಂಬುದನ್ನು ಗಮನಿಸಿ: ಅದು ಮೆದುಳಿನ ಹೊರಪದರವಾದ ಬೂದು ಭಾಗದ ಕಡೆಗೋ, ಆಳದ ಬೂದು ಗಂಟುಗಳ ಕಡೆಗೋ ಇರುತ್ತದೆ, ಹೊಳೆಯುವ ಬದಿ ಬಿಳಿ ಭಾಗದಲ್ಲಿರುತ್ತದೆ. ಇದಕ್ಕೆ ಕಾರಣ ರೋಗದ ಸ್ವಭಾವದಲ್ಲೇ ಇದೆ. ಮಯಲಿನ್ ದಟ್ಟವಾಗಿರುವುದು ಬಿಳಿ ಭಾಗದಲ್ಲಿ. ಉರಿಯೂತದ ಮುಂಚೂಣಿ ಅದನ್ನು ಕೆಡವುತ್ತ ಮುನ್ನುಗ್ಗುವುದೂ ಅಲ್ಲೇ. ರಕ್ತನಾಳದ ತಡೆ ಒಡೆಯುವುದೂ ಆ ಮುಂಚೂಣಿಯಲ್ಲೇ. ಬೂದು ಭಾಗದ ಬದಿಯಲ್ಲಿ ಕೆಡವಲು ಅಷ್ಟು ಮಯಲಿನ್ ಇಲ್ಲದ್ದರಿಂದ ಹೊಳಪು ಅಲ್ಲಿ ನಿಲ್ಲುತ್ತದೆ. ಮಸ್ದೇಯು ಮತ್ತು ಸಂಗಡಿಗರು 2000ರಲ್ಲಿ ಈ ತೆರೆದ ಉಂಗುರವನ್ನು ಮಯಲಿನ್ ನಾಶದ ಬಲವಾದ ಗುರುತೆಂದು ವಾದಿಸಿದರು. ಬಲವಾದ ಗುರುತು ನಿಜ, ಆದರೆ ಎಲ್ಲರಲ್ಲೂ ಕಾಣುವಂಥದ್ದಲ್ಲ. ಪೂರ್ಣ ಉಂಗುರವಿರುವ ಮಯಲಿನ್ ಗಾಯಗಳೂ ಇವೆ, ಒಂದು ಕಡೆ ತೆರೆದ ಉಂಗುರವಿರುವ ಗಡ್ಡೆಗಳೂ ಇವೆ.

ಎರಡನೆಯದು ಗಾಯದ ಗಾತ್ರಕ್ಕೂ ಅದು ಒಡ್ಡುವ ಒತ್ತಡಕ್ಕೂ ಇರುವ ಸಂಬಂಧ. ಐದು ಸೆಂಟಿಮೀಟರಿನ ಗ್ಲಿಯೋಬ್ಲಾಸ್ಟೋಮಾ ಮೆದುಳಿನ ನಡುಗೆರೆಯನ್ನು ಪಕ್ಕಕ್ಕೆ ತಳ್ಳಿರುವುದು ಸಾಮಾನ್ಯ. ಅಷ್ಟೇ ದೊಡ್ಡ ಮಯಲಿನ್ ಗಾಯ ಹಲವು ಬಾರಿ ಅದರ ಗಾತ್ರಕ್ಕೆ ತಕ್ಕಷ್ಟು ತಳ್ಳುವುದಿಲ್ಲ, ಊತವೂ ಮಿತವಾಗಿರುತ್ತದೆ. ಗಾಯದ ನಡುವೆ ಹಾದುಹೋಗುವ ಅಭಿಧಮನಿಗಳು ತಮ್ಮ ದಾರಿ ಬಿಡದೆ ನೇರವಾಗಿ ಸಾಗಿರುವುದೂ ಕಾಣಬಹುದು. ಪರ್ಫ್ಯೂಷನ್ ಎಂಬ ತಂತ್ರದಿಂದ ಆ ಜಾಗದ ರಕ್ತದ ಪ್ರಮಾಣವನ್ನು ಅಳೆದರೆ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ: ಉಗ್ರ ಗ್ಲಿಯೋಮಾ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಹೇರಳವಾಗಿ ಬೆಳೆಸಿಕೊಳ್ಳುತ್ತದೆ, ಮಯಲಿನ್ ಗಾಯ ಹಾಗೆ ಬೆಳೆಸಿಕೊಳ್ಳುವುದಿಲ್ಲ. ಡಿಫ್ಯೂಷನ್ ಚಿತ್ರದಲ್ಲಿ ನೀರಿನ ಅಣುಗಳ ಚಲನೆ ಎಲ್ಲಿ ನಿರ್ಬಂಧಗೊಂಡಿದೆ ಎಂದು ನೋಡಿ. ಕೀವು ತುಂಬಿದ ಬಾವಿನಲ್ಲಿ ಅದು ನಡುಭಾಗದಲ್ಲಿರುತ್ತದೆ. ಮಯಲಿನ್ ಗಾಯದಲ್ಲಿ ಇದ್ದರೆ ಅಂಚಿನಲ್ಲಿರುತ್ತದೆ, ಮತ್ತು ಅದು ದಿನಗಳು ವಾರಗಳು ಕಳೆದಂತೆ ಬದಲಾಗುತ್ತದೆ.

ಹಳೆಯ ಸಿಟಿ ಸ್ಕ್ಯಾನ್ ಇಲ್ಲಿ ಅನಿರೀಕ್ಷಿತವಾಗಿ ನೆರವಿಗೆ ಬರುತ್ತದೆ. ಎಂಆರ್‌ಐ ಇರುವಾಗ ಸಿಟಿಯನ್ನು ಯಾರು ನೋಡುತ್ತಾರೆ ಎಂದು ಅನ್ನಿಸಬಹುದು. ಆದರೆ ತುರ್ತು ವಿಭಾಗದಲ್ಲಿ ಬಹುತೇಕ ಎಲ್ಲರಿಗೂ ಮೊದಲು ಸಿಟಿ ಆಗಿರುತ್ತದೆ, ಅದು ಕಡತದಲ್ಲೇ ಇರುತ್ತದೆ. ಎಂಆರ್‌ಐಯಲ್ಲಿ ಹೊಳೆದ ಅದೇ ಭಾಗವನ್ನು ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲಿ ಹುಡುಕಿ. ಕೋಶಗಳು ಒತ್ತೊತ್ತಾಗಿ ತುಂಬಿರುವ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಸಿಟಿಯಲ್ಲಿ ಸುತ್ತಲಿನ ಮೆದುಳಿಗಿಂತ ಬೆಳ್ಳಗೆ, ಗ್ಲಿಯೋಮಾದ ಹೊಳೆಯುವ ಭಾಗ ಹೆಚ್ಚಾಗಿ ಮೆದುಳಿನಷ್ಟೇ ಸಾಂದ್ರವಾಗಿ ಕಾಣುತ್ತದೆ. ಮಯಲಿನ್ ಗಾಯದ ಹೊಳೆಯುವ ಭಾಗ ಕಪ್ಪಾಗಿ ಕಾಣುತ್ತದೆ. ಹೆಚ್ಚಿನ ಖರ್ಚಿಲ್ಲದೆ, ಹೊಸ ಪರೀಕ್ಷೆಯಿಲ್ಲದೆ ಸಿಗುವ ಈ ಮಾಹಿತಿಯನ್ನು ಬಳಸದೆ ಬಿಡಬಾರದು ಎಂದು ನಿಮ್ಮಲ್ಲಿರುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇನೆ. ಮೆದುಳಿನ ರಾಸಾಯನಿಕಗಳನ್ನು ಎಂಆರ್‌ಐಯಿಂದಲೇ ಅಳೆಯುವ ಸ್ಪೆಕ್ಟ್ರೊಸ್ಕೋಪಿಯ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಕೋಶಪೊರೆಗೆ ಸಂಬಂಧಿಸಿದ ಕೋಲೀನ್ ಏರುವುದು, ನರಕೋಶಗಳ ಗುರುತಾದ ಎನ್‌ಎಎ ಇಳಿಯುವುದು ಎರಡೂ ರೋಗಗಳಲ್ಲಿ ಆಗುತ್ತವೆ, ಮತ್ತು ಕೋಲೀನ್ ಏರಿದೆ ಎಂಬ ಒಂದೇ ಸಾಲಿನ ಮೇಲೆ ಗಡ್ಡೆಯೆಂದು ನಿರ್ಧರಿಸುವುದು ಅಪಾಯಕರ.

ತಲೆಯ ಚಿತ್ರದಾಚೆಗೂ ನೋಡಬೇಕು. ಬೆನ್ನುಹುರಿಯ ಎಂಆರ್‌ಐಯಲ್ಲಿ ರೋಗಿಗೆ ಗೊತ್ತೇ ಇಲ್ಲದ ಹಳೆಯ ಚಿಕ್ಕ ಗಾಯವೊಂದು ಸಿಕ್ಕರೆ ತಕ್ಕಡಿ ವಾಲುತ್ತದೆ. ಲುಕಿನೆಟ್ಟಿ ಅವರ ಸರಣಿಯಲ್ಲಿ ಬಯಾಪ್ಸಿಗೆ ಮುನ್ನವೇ ಸುಮಾರು ಶೇಕಡಾ 70ರಷ್ಟು ರೋಗಿಗಳಲ್ಲಿ ಒಂದಕ್ಕಿಂತ ಹೆಚ್ಚು ಗಾಯಗಳಿದ್ದವು. ದೊಡ್ಡದರ ಮೇಲೆ ಕಣ್ಣು ನೆಟ್ಟಾಗ ಚಿಕ್ಕವು ತಪ್ಪಿಹೋಗುತ್ತವೆ. ಬೆನ್ನಿನಿಂದ ತೆಗೆದ ದ್ರವದಲ್ಲಿ ಆಲಿಗೋಕ್ಲೋನಲ್ ಪಟ್ಟಿಗಳಿದ್ದರೆ (ನರಮಂಡಲದೊಳಗೆ ಪ್ರತಿಕಾಯ ತಯಾರಾಗುತ್ತಿರುವ ಗುರುತು) ಸಹಾಯಕ, ಇಲ್ಲದಿದ್ದರೆ ಏನೂ ಸಾಬೀತಾಗುವುದಿಲ್ಲ. ತಲೆಯೊಳಗಿನ ಒತ್ತಡ ಹೆಚ್ಚಿದ್ದರೆ ಆ ದ್ರವ ತೆಗೆಯುವುದೇ ಸುರಕ್ಷಿತವಲ್ಲ ಎಂಬುದೂ ನೆನಪಿರಲಿ. ರಕ್ತದಲ್ಲಿ ಮೆದುಳಿನದೇ ಪ್ರೋಟೀನುಗಳಾದ ಅಕ್ವಾಪೊರಿನ್-4 ಮತ್ತು ಮಾಗ್ (MOG) ವಿರುದ್ಧದ ಪ್ರತಿಕಾಯಗಳ ಪರೀಕ್ಷೆಗೆ ಕಳುಹಿಸಬೇಕು. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ.

ಇಷ್ಟರಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಪ್ರಶ್ನೆ ಮೂಡಿರಬೇಕು. ಮಯಲಿನ್ ಗಾಯ ಸ್ಟೀರಾಯ್ಡ್‌ಗೆ ಕರಗುತ್ತದೆ, ಗಡ್ಡೆ ಕರಗುವುದಿಲ್ಲ. ಹಾಗಾದರೆ ಸ್ಟೀರಾಯ್ಡ್ ಕೊಟ್ಟು ನೋಡಿದರಾಯಿತಲ್ಲ, ತಲೆಬುರುಡೆಗೆ ರಂಧ್ರ ಕೊರೆಯುವುದೇಕೆ? ಪ್ರಶ್ನೆ ನ್ಯಾಯವಾದದ್ದೇ, ಆದರೆ ಅದರಲ್ಲಿ ಎರಡು ತೊಡಕುಗಳಿವೆ. ಗ್ಲಿಯೋಮಾದ ಸುತ್ತಲಿನ ಊತವೂ ಸ್ಟೀರಾಯ್ಡ್‌ನಿಂದ ಇಳಿಯುತ್ತದೆ. ಎರಡು ದಿನಗಳಲ್ಲಿ ತಲೆನೋವು ಹೋಗಿ ಕೈಗೆ ಬಲ ಬಂದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ, ವೈದ್ಯರೂ ಬಿಡಬಹುದು. ಆದರೆ ರೋಗಿಗೆ ಹಾಯೆನಿಸಿದ್ದರಿಂದ ರೋಗ ಯಾವುದೆಂದು ತಿಳಿದಂತಾಗಲಿಲ್ಲ. ಎರಡನೆಯ ತೊಡಕು ಇನ್ನೂ ಗಂಭೀರ, ಅದು ಲಿಂಫೋಮಾದ್ದು. ಮೆದುಳಿನಲ್ಲೇ ಹುಟ್ಟುವ ಲಿಂಫೋಮಾದ ಕೋಶಗಳು ಸ್ಟೀರಾಯ್ಡ್‌ಗೆ ಸಾಯುತ್ತವೆ. ಗಾಯ ಕುಗ್ಗುತ್ತದೆ, ಕೆಲವೊಮ್ಮೆ ಚಿತ್ರದಿಂದ ಮಾಯವೇ ಆಗುತ್ತದೆ. ಆಮೇಲೆ ಬಯಾಪ್ಸಿ ಮಾಡಿದರೆ ಸಿಗುವುದು ಉರಿಯೂತದ ಉಳಿಕೆ ಮಾತ್ರ, ಮತ್ತು ಪೆಥಾಲಜಿಸ್ಟ್ ಪ್ರಾಮಾಣಿಕವಾಗಿಯೇ ಮಯಲಿನ್ ನಾಶ ಎಂದು ಬರೆಯುತ್ತಾರೆ. ಕೆಲವು ತಿಂಗಳುಗಳ ಬಳಿಕ ಲಿಂಫೋಮಾ ಮರಳುತ್ತದೆ. ಸ್ಟೀರಾಯ್ಡ್ ಕೊಡದಿದ್ದ ಕೆಲವರಲ್ಲಿಯೂ ಲಿಂಫೋಮಾಗೆ ಮುಂಚೆ ಮಯಲಿನ್ ನಾಶದ ಗಾಯ ಕಾಣಿಸಿಕೊಂಡ ವರದಿಗಳಿವೆ; ಅವನ್ನು ಮುನ್ಸೂಚಕ ಗಾಯಗಳೆಂದು ಕರೆಯುತ್ತಾರೆ. ಆದ್ದರಿಂದ ಲಿಂಫೋಮಾದ ಶಂಕೆ ಉಳಿದಿರುವವರೆಗೆ, ಮತ್ತು ರೋಗಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ, ಬಯಾಪ್ಸಿ ಮೊದಲು, ಸ್ಟೀರಾಯ್ಡ್ ಆಮೇಲೆ. ಉಳಿದ ಸುಳಿವುಗಳೆಲ್ಲ ಮಯಲಿನ್ ನಾಶದ ಕಡೆಗೇ ಬಲವಾಗಿ ಬೆರಳು ಮಾಡಿದರೆ, ಹಿಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದದ್ದು ಗೊತ್ತಿದ್ದರೆ, ಬಯಾಪ್ಸಿ ಬೇಡ. ಸ್ಟೀರಾಯ್ಡ್ ಕೊಟ್ಟು ಕೆಲವು ವಾರಗಳ ನಂತರ ಮತ್ತೆ ಚಿತ್ರ ತೆಗೆಯಬಹುದು.

ಬಯಾಪ್ಸಿ ಮಾಡಿದರೆ ಎಲ್ಲ ಬಗೆಹರಿಯಿತು ಎಂದೂ ತಿಳಿಯಬೇಡಿ. ಸೂಕ್ಷ್ಮದರ್ಶಕದ ಕೆಳಗಿನ ದೃಶ್ಯವನ್ನು ನಿಮ್ಮ ಮುಂದಿಡಲು ಯತ್ನಿಸುತ್ತೇನೆ. ಅಂಗಾಂಶದಲ್ಲಿ ಕೋಶಗಳು ಇರಬೇಕಾದದ್ದಕ್ಕಿಂತ ತುಂಬ ಹೆಚ್ಚಿವೆ. ದೊಡ್ಡ ದೊಡ್ಡ ಆಸ್ಟ್ರೊಸೈಟ್‌ಗಳಿವೆ, ಅಂದರೆ ನರಕೋಶಗಳಿಗೆ ಆಸರೆಯಾಗುವ ಪೋಷಕ ಕೋಶಗಳು. ಅವುಗಳಲ್ಲಿ ಕೆಲವುಗಳ ಕೋಶಕೇಂದ್ರ ಚೂರುಚೂರಾಗಿ ಚದುರಿದಂತಿದ್ದು, ಕೋಶ ವಿಭಜನೆಯಾಗುತ್ತಿರುವಂತೆ ಕಾಣುತ್ತದೆ; ಇವಕ್ಕೆ ಕ್ರೂಟ್ಸ್‌ಫೆಲ್ಟ್ ಕೋಶಗಳೆಂದು ಹೆಸರು. ಕೋಶಗಳ ದಟ್ಟಣೆ, ವಿಕಾರವಾದ ಆಸ್ಟ್ರೊಸೈಟ್, ವಿಭಜನೆ ಇವು ಮೂರೂ ಗ್ಲಿಯೋಮಾದ ಲಕ್ಷಣಗಳೇ. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಅವಸರದಲ್ಲಿ ನೋಡುವ ಫ್ರೋಜನ್ ಸೆಕ್ಷನ್‌ನಲ್ಲಿ ಇದನ್ನು ಗಡ್ಡೆ ಎಂದು ಓದುವ ಅಪಾಯ ನಿಜವಾದದ್ದು. ಅನುಭವಿ ಕಣ್ಣು ಅಲ್ಲಿ ಹುಡುಕುವುದು ಮ್ಯಾಕ್ರೊಫೇಜ್‌ಗಳನ್ನು: ಒಡೆದ ಮಯಲಿನನ್ನು ನುಂಗಿ, ನೊರೆ ತುಂಬಿದಂತೆ ತಿಳಿಯಾಗಿ ಉಬ್ಬಿಕೊಂಡ ದುಂಡನೆಯ ಕೋಶಗಳನ್ನು. ಇನ್ನೂ ಚಿಕಿತ್ಸೆ ಪಡೆಯದ ಗ್ಲಿಯೋಮಾದಲ್ಲಿ ಇಂಥ ಕೋಶಗಳು ಹೀಗೆ ಹಾಳೆ ಹಾಸಿದಂತೆ ತುಂಬಿರುವುದು ಅಪರೂಪ. ಅವು ಕಂಡೊಡನೆ ಪೆಥಾಲಜಿಸ್ಟ್ ಕೈ ತಡೆದು ಬೇರೆ ಬಣ್ಣಗಳಿಗೆ ಮೊರೆಹೋಗಬೇಕು. ಲಕ್ಸಾಲ್ ಫಾಸ್ಟ್ ಬ್ಲೂ ಹಾಕಿದರೆ ಮಯಲಿನ್ ನೀಲಿಯಾಗುತ್ತದೆ. ಗಾಯದ ಗಡಿಯಲ್ಲಿ ಆ ನೀಲಿ ಥಟ್ಟನೆ ನಿಂತುಹೋಗುತ್ತದೆ, ಮ್ಯಾಕ್ರೊಫೇಜ್‌ಗಳ ಹೊಟ್ಟೆಯಲ್ಲಿ ನೀಲಿ ಕಣಗಳು ಕಾಣುತ್ತವೆ. ಅದೇ ತುಣುಕಿಗೆ ನ್ಯೂರೊಫಿಲಮೆಂಟ್ ಬಣ್ಣ ಹಾಕಿದರೆ ನರತಂತುಗಳು ಬಹುಮಟ್ಟಿಗೆ ಹಾಗೇ ಉಳಿದಿರುವುದು ತಿಳಿಯುತ್ತದೆ. ಹೊದಿಕೆ ಹೋಗಿ ತಂತು ಉಳಿದಿದೆ: ರಕ್ತಪೂರೈಕೆ ನಿಂತು ಸತ್ತ ಜಾಗದಲ್ಲಿ ಎರಡೂ ಹೋಗಿರುತ್ತವೆ, ಹಾಗಾಗಿ ಆ ಸಾಧ್ಯತೆಯೂ ದೂರವಾಗುತ್ತದೆ.

ಬಯಾಪ್ಸಿಯ ತುಣುಕಿನಲ್ಲಿ ಐಡಿಎಚ್1 ಎಂಬ ಜೀನ್‌ನ ಬದಲಾವಣೆ ಕಂಡರೆ ಅದು ಗ್ಲಿಯೋಮಾ ಎಂಬುದು ಬಹುತೇಕ ಖಚಿತ. ಕಾಣದಿದ್ದರೆ ಗಡ್ಡೆಯಲ್ಲ ಎಂದು ಹೇಳುವಂತಿಲ್ಲ, ಏಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ ವಯಸ್ಕರ ಗ್ಲಿಯೋಬ್ಲಾಸ್ಟೋಮಾ ಎಂದರೆ ಆ ಬದಲಾವಣೆ ಇಲ್ಲದ ಗಡ್ಡೆಯೇ. ಪರೀಕ್ಷೆಗೆ ತುಣುಕು ಕಳುಹಿಸುವ ಶಸ್ತ್ರವೈದ್ಯರು ಅರ್ಜಿಯಲ್ಲಿ ‘ಮೆದುಳಿನ ಗಡ್ಡೆ’ ಎಂದಷ್ಟೇ ಬರೆಯದೆ, ರೋಗಿಯ ವಯಸ್ಸು, ಲಕ್ಷಣಗಳು ಬಂದ ವೇಗ, ತೆರೆದ ಉಂಗುರ, ಸ್ಟೀರಾಯ್ಡ್ ಕೊಟ್ಟಿದ್ದರೆ ಯಾವಾಗಿನಿಂದ ಎಂಬುದು, ಮಯಲಿನ್ ನಾಶದ ಶಂಕೆ ಇವೆಲ್ಲವನ್ನೂ ಬರೆದರೆ ಪೆಥಾಲಜಿಸ್ಟ್ ಏನನ್ನು ಹುಡುಕಬೇಕೆಂದು ಮೊದಲೇ ತಿಳಿದಿರುತ್ತದೆ. ತಪ್ಪು ರೋಗನಿರ್ಣಯವನ್ನು ತಡೆಯುವ ಅತ್ಯಂತ ಅಗ್ಗದ ಉಪಾಯ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಶಂಕೆಯಿದ್ದಾಗ ಸೂಜಿಯಿಂದ ಸಣ್ಣ ತುಣುಕು ತೆಗೆಯುವುದು ಸಾಕು. ಮಾತಿನ ಅಥವಾ ಚಲನೆಯ ಕೇಂದ್ರದ ಬಳಿಯಿರುವ ಇಡೀ ಗಾಯವನ್ನು ಕತ್ತರಿಸಿ ತೆಗೆದರೆ, ಚೇತರಿಸಿಕೊಳ್ಳಬಹುದಾಗಿದ್ದ ತಂತುಗಳನ್ನೂ ತೆಗೆದಂತಾಗುತ್ತದೆ. ವಿಕಿರಣದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗಡ್ಡೆಯೆಂದು ತಿಳಿದು ವಿಕಿರಣ ಕೊಟ್ಟ ಮೇಲೆ ಮಯಲಿನ್ ನಾಶ ಉಲ್ಬಣಿಸಿದ ಪ್ರಕರಣಗಳು ದಾಖಲಾಗಿವೆ.

ಚಿಕಿತ್ಸೆಯ ಮೊದಲ ಹೆಜ್ಜೆ ಮೀಥೈಲ್‌ಪ್ರೆಡ್ನಿಸೊಲೋನ್, ದಿನಕ್ಕೆ 1 ಗ್ರಾಂನಂತೆ ರಕ್ತನಾಳದ ಮೂಲಕ 3ರಿಂದ 5 ದಿನ. ಬಹಳಷ್ಟು ಮಂದಿ ಇದಕ್ಕೆ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದವರಿಗೆ ಪ್ಲಾಸ್ಮಾ ಬದಲಾವಣೆ ಇದೆ, ಅಂದರೆ ರಕ್ತದ ದ್ರವಭಾಗವನ್ನು ತೆಗೆದು ಬದಲಿ ದ್ರವ ತುಂಬುವುದು. ಇದಕ್ಕೆ ಆಧಾರ 1999ರಲ್ಲಿ ವೈನ್‌ಶೆಂಕರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಸ್ಟೀರಾಯ್ಡ್‌ಗೆ ಬಗ್ಗದ ತೀವ್ರ ಮಯಲಿನ್ ನಾಶದ 22 ರೋಗಿಗಳನ್ನು ಅದರಲ್ಲಿ ಸೇರಿಸಿಕೊಂಡು, ದಿನ ಬಿಟ್ಟು ದಿನ ಒಟ್ಟು 7 ಬಾರಿ ಪ್ಲಾಸ್ಮಾ ಬದಲಿಸಿದರು. ಹೋಲಿಕೆಗಾಗಿ ಸೋಗಿನ ಚಿಕಿತ್ಸೆಯನ್ನೂ ನಡೆಸಿದರು. ನಿಜವಾದ ಚಿಕಿತ್ಸೆಯ 19 ಸುತ್ತುಗಳಲ್ಲಿ 8ರಲ್ಲಿ ಗಮನಾರ್ಹ ಸುಧಾರಣೆಯಾಯಿತು, ಸೋಗಿನ ಚಿಕಿತ್ಸೆಯ 17ರಲ್ಲಿ 1ರಲ್ಲಿ ಮಾತ್ರ. ಸಣ್ಣ ಪ್ರಯೋಗವಾದರೂ, ಸ್ಟೀರಾಯ್ಡ್ ಫಲಿಸಲಿಲ್ಲ ಎಂದು ಕೈಚೆಲ್ಲಿ ಕೂರಬಾರದು ಎಂಬುದಕ್ಕೆ ಅದು ಸಾಕಷ್ಟು ಬಲವಾದ ಸಾಕ್ಷ್ಯ. ಅದಕ್ಕೂ ಬಗ್ಗದಿದ್ದರೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಅಥವಾ ಸೈಕ್ಲೊಫಾಸ್ಫಮೈಡ್ ಬಳಸುತ್ತಾರೆ.

ಗಾಯ ಕುಗ್ಗಿದ ಮೇಲೆ ಕುಟುಂಬದವರು ಕೇಳುವುದು, ಇದು ಮತ್ತೆ ಬರುತ್ತದೆಯೇ ಎಂದು. 168 ಜನರ ಆ ಸರಣಿಯಲ್ಲಿ ಸುಮಾರು ಶೇಕಡಾ 70ರಷ್ಟು ಮಂದಿಗೆ ಮುಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ ಖಚಿತವಾಯಿತು. ಉಳಿದವರಲ್ಲಿ ಹಲವರಿಗೆ ಅದೊಂದೇ ಬಾರಿ ಬಂದು ಹೋದ ಕಾಯಿಲೆಯಾಗಿ ಉಳಿಯಿತು. ಯಾರು ಯಾವ ಗುಂಪಿಗೆ ಸೇರುತ್ತಾರೆಂದು ಮೊದಲ ದಿನವೇ ಹೇಳುವ ಪರೀಕ್ಷೆಯಿಲ್ಲ. ಆದ್ದರಿಂದ ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸುವುದು ಅಗತ್ಯ. ಅದರಿಂದ ಲಿಂಫೋಮಾ ಮರಳುತ್ತಿದ್ದರೂ ಬೇಗ ಸಿಕ್ಕಿಬೀಳುತ್ತದೆ. ಪ್ರತಿಕಾಯಗಳ ಪರೀಕ್ಷೆಯ ಕಾರಣವನ್ನು ಆಮೇಲೆ ಹೇಳುತ್ತೇನೆ ಎಂದಿದ್ದೆ. ದೀರ್ಘಾವಧಿಯ ಔಷಧ ಆರಿಸುವಾಗ ಅದು ಬೇಕಾಗುತ್ತದೆ. ಅಕ್ವಾಪೊರಿನ್-4 ಪ್ರತಿಕಾಯವಿರುವ ರೋಗಿಯ ಕಾಯಿಲೆ ನ್ಯೂರೊಮೈಲೈಟಿಸ್ ಆಪ್ಟಿಕಾ, ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಹೆಚ್ಚಾಗಿ ಕಾಡುವ ಬೇರೆಯೇ ರೋಗ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆಂದು ಕೊಡುವ ಬೀಟಾ ಇಂಟರ್‌ಫೆರಾನ್, ನಟಾಲಿಝುಮ್ಯಾಬ್, ಫಿಂಗೊಲಿಮಾಡ್ ಅಂಥವರಲ್ಲಿ ರೋಗವನ್ನು ಕೆರಳಿಸಬಹುದು. ಫಿಂಗೊಲಿಮಾಡ್‌ನ ವಿಷಯದಲ್ಲಿ ಇನ್ನೊಂದು ಮಾತಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಲ್ಲೂ ಆ ಔಷಧ ಶುರುಮಾಡಿದ ಮೇಲೆ ಅಥವಾ ನಿಲ್ಲಿಸಿದ ಮೇಲೆ ಇದೇ ಬಗೆಯ ದೊಡ್ಡ ಗಾಯಗಳು ಕಾಣಿಸಿಕೊಂಡ ವರದಿಗಳಿವೆ. ಆದ್ದರಿಂದ ಒಮ್ಮೆ ಇಂಥ ಗಾಯ ಆದವರಿಗೆ ಅದನ್ನು ಬಿಟ್ಟು ಬೇರೆ ಔಷಧ ಹುಡುಕುವುದೇ ಮೇಲು, ಮತ್ತು ಹಳೆಯ ಸ್ಕ್ಯಾನ್ ಫಿಲ್ಮ್ ಹಾಗೂ ಬಯಾಪ್ಸಿ ವರದಿಗಳ ಪ್ರತಿ ಸದಾ ರೋಗಿಯ ಬಳಿಯೇ ಇರಬೇಕು, ಏಕೆಂದರೆ ಐದು ವರ್ಷಗಳ ನಂತರ ಬೇರೊಂದು ತುರ್ತು ವಿಭಾಗದಲ್ಲಿ ಅವರನ್ನು ನೋಡುವ ವೈದ್ಯರಿಗೆ ಮೊದಲು ಬೇಕಾಗುವುದು ಅದೇ.